ಸಂಜೆಯ ಗಂಟೆ

ಕ್ರೈಸ್ತನೆಂದು ಹೇಳಿಯೇ ಮೂರು ಬಾಡಿಗೆ ಮನೆ ಕಳೆದುಕೊಂಡಿದ್ದೆ. ನಾಲ್ಕನೆಯದರ ಮೆಟ್ಟಿಲಲ್ಲಿ ಕೊರಳ ಶಿಲುಬೆ ಬಿಚ್ಚಿ ಜೇಬಿಗೆ ಹಾಕಿಕೊಂಡೆ.

ಮನೆಯೊಡತಿಯ ಹಣೆಯಲ್ಲಿ ಕಾಸಗಲ ಕುಂಕುಮ. ನನ್ನನ್ನು ಒಳಗೆ ಕರೆದರೂ ಕುಳಿತುಕೊಳ್ಳಿ ಎನ್ನಲಿಲ್ಲ.

“ಹೆಸರು?”

ನನ್ನ ಹೆಸರು ವಲೇರಿಯನ್. “ವಾಮನ,” ಎಂದೆ.

“ಕ್ರಿಶ್ಚಿಯನ್ನರಾ?”

“ಅಲ್ಲಮ್ಮ.”

“ಕೊರಳಲ್ಲಿ ದಾರದ ಗುರುತಿದೆಯಲ್ಲ?”

“ತಾಯಿತ ಇತ್ತು.”

ಆಕೆ ಕೊರಳಿನಿಂದ ಕಣ್ಣು ಕೀಳಲಿಲ್ಲ. “ಬೇಸರ ಮಾಡ್ಬೇಡಿ, ಅವರಿಗೆ ಮಾತ್ರ ಮನೆ ಕೊಡೋದಿಲ್ಲ. ನಮ್ಮ ಯಜಮಾನರಿಗೆ ಆಗೋದಿಲ್ಲ.”

ಅಷ್ಟರಲ್ಲಿ ಕರೆಂಟು ಹೋಯಿತು. ಕಿಟಕಿ ಮುಚ್ಚಿದ್ದ ಆ ಕೋಣೆಯಲ್ಲಿ ನನ್ನ ಕೈ ನನಗೇ ಕಾಣಲಿಲ್ಲ. ಆಗಲೇ ಬೀದಿಯಾಚೆಯ ಇಗರ್ಜಿಯಲ್ಲಿ ಸಂಜೆ ಪ್ರಾರ್ಥನೆಯ ಗಂಟೆ ಹೊಡೆಯಿತು. ಅದು ಕೇಳಿಸಿದರೆ ಎಲ್ಲಿದ್ದರೂ ಶಿಲುಬೆಯ ಗುರುತು ಹಾಕಬೇಕೆಂದು ಅಮ್ಮ ಚಿಕ್ಕಂದಿನಲ್ಲೇ ಕಲಿಸಿದ್ದಳು. ಈ ಕತ್ತಲಲ್ಲಿ ನೋಡುವವರು ಯಾರು? ಹಣೆ, ಎದೆ, ಎಡಭುಜ, ಬಲಭುಜ ಮುಟ್ಟಿಕೊಂಡು ಕೈ ಇಳಿಸಿದೆ.

ಕರೆಂಟು ಬಂತು.

ಮನೆಯೊಡತಿಯ ಹಣೆಯ ಕುಂಕುಮ ಕದಡಿತ್ತು. ತಿಳಿಹಳದಿ ನೈಟಿಯ ಎದೆಯ ಮೇಲೊಂದು, ಎರಡು ಭುಜಗಳ ಮೇಲೆ ಒಂದೊಂದು, ಕೆಂಪು ಬೆರಳಚ್ಚು ಮೂಡಿತ್ತು.