ಮುರಿದ ಹುಟ್ಟುಗೋಲು

ಮೀನೆಣ್ಣೆ ಬಳಿದ ಮರದ ವಾಸನೆ ಬಂದರೆ ಈಗಲೂ ನನಗೆ ಕಾಪು ಕಡಲ ಬದಿಯ ಒಂದು ಮಧ್ಯಾಹ್ನ ಕಾಣಿಸುತ್ತದೆ.

ಆಗ ನನಗೆ ಒಂಬತ್ತು ವರ್ಷ. ಅಪ್ಪನ ಮೊಣಕಾಲಿನ ಮೇಲೆ ಗಡ್ಡೆಯೊಂದು ಎದ್ದಿತ್ತು. "ಎಲುಬಿನಲ್ಲಿ ಇಂಥದ್ದನ್ನು ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದು" ಎಂದಿದ್ದರಂತೆ ಮಣಿಪಾಲದ ಡಾಕ್ಟರು. ಅದರದೊಂದು ಚೂರು ಕೊಯ್ದು, ಸೀಸೆಯಲ್ಲಿಟ್ಟು ಬೊಂಬಾಯಿಗೆ ಕಳಿಸಿದ್ದರು. ಉತ್ತರ ಕೇಳಲು ಅಪ್ಪ ಒಬ್ಬರೇ ಬಸ್ಸು ಹತ್ತಿ ಹೋದರು. ಬಂದವರು, "ಮದ್ದು ಉಂಟಂತೆ" ಎಂದಷ್ಟೇ ಹೇಳಿದರು; ಕಾಲು ಉಳಿಯುತ್ತದೋ ಇಲ್ಲವೋ ಹೇಳಲಿಲ್ಲ.

ಅದರ ಮರುದಿನವೇ ದೊಡ್ಡ ಗಾಳಿ ಬಂತು. ಗಾಳಿ ನಿಂತ ಮೇಲೆ ನೋಡಿದರೆ ಎಲ್ಲಿಯದೋ ದೋಣಿ ಒಡೆದು, ದಡದ ತುಂಬ ಹಲಗೆ, ಬಲೆಯ ಚಿಂದಿ, ತೆಂಗಿನ ಮಡಲು. ನಮ್ಮಲ್ಲಿ ದಡಕ್ಕೆ ಬಂದ ಇಂಥ ಮರಕ್ಕೆ ಮೊದಲು ಯಾರು ತೆಂಗಿನ ಗರಿಯ ಗಂಟು ಹಾಕುತ್ತಾರೋ ಅದು ಅವರದು. ಮತ್ತೆ ಯಾರೂ ಮುಟ್ಟುವುದಿಲ್ಲ. ಎಲ್ಲರೂ ದಪ್ಪ ಹಲಗೆಗಳಿಗೆ ಓಡಿದರು. ಅಪ್ಪ ಕುಂಟುತ್ತಾ ಹೋಗಿ ಒಂದು ಮುರಿದ ಹುಟ್ಟುಗೋಲನ್ನು ಎತ್ತಿ, ತಲೆಕೆಳಗು ಮಾಡಿ, ಕಂಕುಳಿಗೆ ಒತ್ತಿ, ಮೈಭಾರ ಅದರ ಮೇಲೆ ಹಾಕಿ ನೋಡಿದರು.

"ಅದು ಮುರಿದಿದೆ ಅಪ್ಪ, ಕಡಲಿಗೆ ಆಗ್ಲಿಕ್ಕಿಲ್ಲ" ಎಂದೆ.

"ಕಡಲಿಗೆ ಅಲ್ಲ ಮಗಾ" ಎಂದು ಅದಕ್ಕೆ ಗಂಟು ಹಾಕಿದರು.

ಸೌದೆ ಆರಿಸುತ್ತಿದ್ದ ಅಮ್ಮ ದೂರದಿಂದಲೇ ನೋಡಿದಳು. ಸಂಜೆ ಅಂಗಳದಲ್ಲಿ ಕೂತು, ತನ್ನ ಹಳೆಯ ಸೀರೆ ಹರಿದು, ಆ ಕೋಲಿನ ಮೇಲ್ತುದಿಗೆ ಮೆತ್ತಗೆ ಸುತ್ತತೊಡಗಿದಳು.

"ಸಾಕು" ಎಂದರು ಅಪ್ಪ.

"ಸಾಕಾಗುವುದಿಲ್ಲ" ಎಂದಳು ಅಮ್ಮ, ತಲೆ ಎತ್ತದೆ. "ತುಂಬಾ ವರ್ಷ ಬಾಳಿಕೆ ಬರಬೇಕು."