ಅವರಿಗೆ ಹೇಳು

"ಅಪ್ಪ ಒಬ್ಬರೇ ತಾನೆ? ಮತ್ತೆ 'ದೇ' ಅಂತ ಯಾಕೆ ಬರೆದೆ?" ಟೀಚರಮ್ಮ ತನ್ನ ಮಗಳ ಪುಸ್ತಕದಲ್ಲಿ ಕೆಂಪು ಗೆರೆ ಎಳೆದಳು. ನಾಳೆ ಇಂಗ್ಲಿಷ್ ಪರೀಕ್ಷೆ. 'ಮೈ ಫಾದರ್ ಈಸ್ ಅಟ್ ಹೋಮ್. ದೇ ಆರ್ ರೀಡಿಂಗ್' ಎಂದು ಬರೆದಿದ್ದಳು ಹುಡುಗಿ.

"ಅಪ್ಪನಿಗೆ ಮರ್ಯಾದೆ ಬೇಡವಾ?"

"ಇಂಗ್ಲಿಷಿನಲ್ಲಿ ಬೇಡ, 'ಹಿ' ಸಾಕು." ಟೀಚರಮ್ಮ ನಡುಮನೆಯ ಕಡೆಗೆ ದನಿ ಏರಿಸಿದಳು. "ಕೆಲವರಿಗೆ ಯಾವ ಭಾಷೆಯಲ್ಲೂ ಬೇಡ."

ನಡುಮನೆಯಲ್ಲಿ ಪೇಪರು ಓದುತ್ತಿದ್ದ ಗಂಡ ಹಾಳೆ ಮಗುಚಿದ. ಅವನ ಅಪರಾಧ ಸಣ್ಣದೇನಲ್ಲ. ಕಳೆದ ವಾರ ಪೆಟ್ರೋಲ್ ಬಂಕಿನಲ್ಲಿ ಹೆಂಡತಿ ಹಿಂದೆ ಹತ್ತುವ ಮೊದಲೇ ಸ್ಕೂಟರ್ ಬಿಟ್ಟುಕೊಂಡು, ಹಿಂದೆ ಕೂತಿದ್ದಾಳೆ ಅಂದುಕೊಂಡು ದಾರಿಯುದ್ದಕ್ಕೂ ಅವಳ ಜೊತೆ ಮಾತಾಡುತ್ತ ಮನೆ ಸೇರಿದ್ದ ಪುಣ್ಯಾತ್ಮ. ಅದನ್ನಾದರೂ ಅವಳು ಕ್ಷಮಿಸುತ್ತಿದ್ದಳೇನೋ. "ನೀನು ಸುಮ್ಮನಿದ್ದೀಯಲ್ಲ ಅಂತ ಖುಷಿಯಾಗಿತ್ತು" ಅಂದದ್ದು ಮಾತ್ರ ಹೊಟ್ಟೆಗೆ ಬೆಂಕಿ ಹಚ್ಚಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರು ವಾರವೆಲ್ಲ ಉಂಡು ಮಲಗಿದರೂ ಮಾತಿಲ್ಲ. ಹೇಳುವುದೆಲ್ಲ ಮಗಳ ಮೂಲಕ. ತಟ್ಟೆ ತಾವೇ ತೊಳೆದುಕೊಳ್ಳಲಿ ಅಂತ ಅವರಿಗೆ ಹೇಳು, ಒಣಗಿದ ಬಟ್ಟೆ ಮಡಿಸಿಡಲಿ ಅಂತ ಅವರಿಗೆ ಹೇಳು. ಆಶ್ಚರ್ಯವೆಂದರೆ ಎಲ್ಲವೂ ಆಗುತ್ತಿತ್ತು. ಅವಳ ಸಿಟ್ಟೂ ಕರಗುತ್ತ ಬಂದಿತ್ತು. ಬಾಯಿಬಿಟ್ಟು ತಪ್ಪಾಯಿತು ಅಂದರೆ ಸಾಕಿತ್ತು.

"ಹೋಗು, ತಪ್ಪಾಯ್ತು ಅನ್ನೋಕೆ ಬಾಯಿಲ್ವಾ ಅಂತ ಅವರನ್ನ ಕೇಳು."

ಹುಡುಗಿ ಓಡಿದಳು. ಸ್ವಲ್ಪ ಹೊತ್ತಿಗೆ ಹಿತ್ತಲಿನಿಂದ ಮಾವನವರು ಬಂದರು. ಹೆಗಲ ಮೇಲೆ ಒದ್ದೆ ಟವೆಲ್ಲು. ಸೊಸೆಯ ಮುಂದೆ ಕೈಜೋಡಿಸಿ ನಿಂತು, "ತಪ್ಪಾಯ್ತಮ್ಮ," ಅಂದರು.

ಟೀಚರಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. "ಅಯ್ಯೋ, ಹೇಳಿದ್ದು ನಿಮಗಲ್ಲ ಮಾವ. ಏನೇ ಇದು?"

"ಅವರು ಅಂದ್ರೆ ಯಾರು ಅಂತ ನೀನು ಹೇಳಲೇ ಇಲ್ಲ," ಅಂದಳು ಮಗಳು. "ತಾತ ನನಗೇ ಇರಬೇಕು ಅಂದ್ರು. ದಿನಾ ಹಾಗೇ ಅಂತಾರೆ."

"ಹಾಗಾದ್ರೆ ಆ ತಟ್ಟೆ, ಬಟ್ಟೆ?"

"ಎಲ್ಲಾ ನಾನೇ," ಅಂದರು ಮಾವ.

ಗಂಡ ಪೇಪರು ಹಿಡಿದುಕೊಂಡೇ ಬಾಗಿಲಿಗೆ ಬಂದ. "ನನಗೆ ಯಾರೂ ಏನೂ ಹೇಳಿಲ್ಲ. ನಿನ್ನ ಕೋಪ ಇಳಿದು ನೀನೇ ಮಾಡ್ತಿದ್ದೀಯ ಅಂದ್ಕೊಂಡಿದ್ದೆ."

ಅವಳು ಅವನ ಕಡೆ ತಿರುಗಲಿಲ್ಲ. "ಅದು ಇವರಿಗೆ ಅಂತ ನಿಮಗೆ ಗೊತ್ತಿತ್ತಲ್ವಾ ಮಾವ?"

ಮುದುಕರು ಟವೆಲ್ಲಿನ ತುದಿಗೆ ಕೈ ಒರೆಸಿಕೊಂಡರು. "ಗೊತ್ತಿಲ್ಲದೆ ಏನಮ್ಮ. ನಿಮ್ಮತ್ತೆ ಹೋದಮೇಲೆ ನನ್ನನ್ನ ಯಾರೂ ಬೈದೇ ಇರಲಿಲ್ಲ."

ಗಂಡ ಪೇಪರು ಮಡಚಿ, "ತಪ್ಪಾಯ್ತು ಕಣೇ," ಅಂದ. ಅವಳು ವಾರದ ಮೇಲೆ ಮೊದಲ ಬಾರಿ ಅವನ ಮುಖ ನೋಡಿದಳು. "ಆಯ್ತು ಬಿಡ್ರೀ," ಅಂದಳು.

"ಇನ್ನು ನನಗೇನೂ ಹೇಳಿಕಳಿಸೋರಿಲ್ಲ ಅನ್ನು," ಎಂದು ಗೊಣಗುತ್ತ ಮಾವ ಹಿತ್ತಲಿನ ಕಡೆ ಹೊರಟರು.

ಟೀಚರಮ್ಮ ಸೊಂಟಕ್ಕೆ ಕೈ ಕೊಟ್ಟಳು. "ಮಾವ, ಒದ್ದೆ ಟವೆಲ್ಲು ಹೆಗಲ ಮೇಲೆ ಹಾಕ್ಕೊಂಡು ಓಡಾಡಬೇಡಿ ಅಂತ ನಿಮಗೆ ಎಷ್ಟು ಸಲ ಹೇಳೋದು?"

ಅವಳು ಒಂದು ಸಲವೂ ಹೇಳಿರಲಿಲ್ಲ. ಮಾವ ಹೆದರಿದವರ ಹಾಗೆ ತಲೆ ತಗ್ಗಿಸಿ, ಬಾಯ್ತುಂಬ ನಗುತ್ತ, ಟವೆಲ್ಲನ್ನು ತಂತಿಯ ಮೇಲೆ ಹರವಿದರು.