ಅಪ್ಪನ ಬೈಕಿಗೆ ಬಳಿದ ಅರಿಶಿನ

ಅಣ್ಣ ಬೈಸಿಕೊಳ್ಳುತ್ತಿದ್ದಾಗ ನಾನು ಬಾಯಿ ಬಿಡಲಿಲ್ಲ. ಈಗಲೂ ಒದ್ದೆ ಅರಿಶಿನದ ವಾಸನೆ ಬಂದರೆ ಇಟ್ಟಮಡುವಿನ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಆಯುಧಪೂಜೆಗೆ ಅಪ್ಪನ ಹಳೇ ಬೈಕನ್ನು ಅಣ್ಣ ತೊಳೆದ, ಅರಿಶಿನ ಕುಂಕುಮ ಇಟ್ಟವಳು ನಾನು. ಭಕ್ತಿ ಹೆಚ್ಚಾಗಿ, ಕೀ ಹಾಕುವ ತೂತಿಗೂ ನೀರು ನೀರಾದ ಅರಿಶಿನವನ್ನು ಬೆರಳಲ್ಲಿ ತುಂಬಿದ್ದೆ. ಮರುದಿನ ಕೀ ತಿರುಗಿಸಿದರೆ ಲೈಟಿಲ್ಲ, ಹಾರನ್ನಿಲ್ಲ. ನಾನು ತುಂಬಿದ ಅರಿಶಿನವೇ ಒಳಗಿಳಿದು ಕೆಡಿಸಿತೇನೋ ಎಂದು ಅನುಮಾನ ಬಂದು, ಯಾರೂ ನೋಡದಂತೆ ಆ ತೂತನ್ನು ಲಂಗದಿಂದ ಒರೆಸಿಬಿಟ್ಟೆ.

ಗ್ಯಾರೇಜ್ ಸೇರಬೇಕೆಂದಿದ್ದ ಅಣ್ಣ ಸೀಟು ಬಿಚ್ಚಿದ, ಫ್ಯೂಸ್ ಬದಲಾಯಿಸಿದ, ಬ್ಯಾಟರಿಗೆ ಬಲ್ಬು ಹಿಡಿದ. ಬಲ್ಬು ಝಗ್ಗನೆ ಉರಿಯಿತು.

"ಬ್ಯಾಟರಿ ಸರಿಗಿದೆ, ಫ್ಯೂಸೂ ಸರಿಗಿದೆ! ಇದಕ್ಕೇನು ದೆವ್ವ ಹಿಡ್ದಿದ್ಯಾ?" ಎಂದು ಸ್ಪ್ಯಾನರ್ ಎಸೆದ.

"ದೆವ್ವ ಅಲ್ಲ, ನೀನು," ಎಂದರು ಅಪ್ಪ. "ಯಾವನೋ ನಿನಗೆ ತೊಳಿಯಕ್ಕೆ ಹೇಳಿದ್ದು? ಗ್ಯಾರೇಜ್ ಸೇರ್ತಾನಂತೆ ಗ್ಯಾರೇಜ್! ಇನ್ಮೇಲೆ ಗಾಡಿ ಮುಟ್ಟಿದ್ರೆ ಕೈ ಮುರೀತೀನಿ."

ಅಣ್ಣ ತಲೆ ತಗ್ಗಿಸಿ ಬಿಚ್ಚಿದ್ದನ್ನೆಲ್ಲ ಜೋಡಿಸಿದ. ಆಮೇಲೆ ಜಯನಗರದ ಬಟ್ಟೆ ಅಂಗಡಿಗೆ ಸೇರಿದ. ಇಂದಿಗೂ ಅಲ್ಲೇ ಸೀರೆ ಮಡಿಸುತ್ತಾನೆ.

ಈ ಸಲ ಹಬ್ಬಕ್ಕೆ ಅವನು ನಮ್ಮ ಮನೆಗೆ ಬಂದಾಗ ತಟ್ಟೆಗೆ ಬಡಿಸುತ್ತಾ ಹೇಳಿಯೇಬಿಟ್ಟೆ: "ಅಣ್ಣಾ, ಅವತ್ತು ಬೈಕ್ ಕೆಡಿಸಿದ್ದು ನಾನು. ಗೊತ್ತಿದ್ದೂ ಸುಮ್ನಿದ್ದೆ. ತಪ್ಪಾಯ್ತು ಕಣೋ."